ನಾಯಿಯ ಮೈಗೆ ಕಚ್ಚಿದ ಉಣ್ಣಿ: ಸುರಕ್ಷಿತವಾಗಿ ತೆಗೆಯುವ ಕ್ರಮ

ಖಾನಾಪುರ ತಾಲೂಕಿನ ಹಳ್ಳಿಗಳಲ್ಲಿ ಸಂಜೆಯ ಹೊತ್ತು ಜಗಲಿಯ ಮೇಲೆ ಕುಳಿತು ನಾಯಿಯ ಕಿವಿ ಮಡಚಿ ಉಣ್ಣಿ ಕೀಳುವವರನ್ನು ಕಾಣುವುದು ಸಾಮಾನ್ಯ. ಹೆಬ್ಬೆರಳು ಮತ್ತು ತೋರುಬೆರಳಿನ ಉಗುರುಗಳ ನಡುವೆ ಉಣ್ಣಿಯನ್ನು ಹಿಡಿದು ಸೆಳೆಯುತ್ತಾರೆ. ಕೈಗೆ ಬಂದದ್ದನ್ನು ಕಲ್ಲಿನ ಮೇಲಿಟ್ಟು ಉಗುರಿನಿಂದಲೋ ಚಪ್ಪಲಿಯಿಂದಲೋ ಹೊಸಕಿ ಹಾಕುತ್ತಾರೆ. ಬಳಿಕ ಕೈಯನ್ನು ಸೆರಗಿಗೋ ಧೋತರಕ್ಕೋ ಒರೆಸಿಕೊಂಡು ಮುಂದಿನ ಕೆಲಸಕ್ಕೆ ಏಳುತ್ತಾರೆ. ಸಾಕಿದ ಪ್ರಾಣಿಯ ಮೇಲಿನ ಅಕ್ಕರೆಯಿಂದಲೇ ನಡೆಯುವ ಈ ಕೆಲಸದಲ್ಲಿ ನಾಯಿಗೂ ಅಪಾಯವಿದೆ, ಕೀಳುವವರಿಗೂ ಅಪಾಯವಿದೆ. ಉಣ್ಣಿಯನ್ನು ಕೀಳಬೇಕೆಂಬುದು ಸರಿ. ಬರಿಗೈಯಲ್ಲಿ ಕಿತ್ತು ಹೊಸಕುವುದು ತಪ್ಪು. ಸರಿಯಾದ ಕ್ರಮಕ್ಕೆ ಬೇಕಾಗುವುದು ಒಂದು ಚಿಮುಟ, ಸ್ವಲ್ಪ ಸ್ಪಿರಿಟ್, ಸಾಬೂನು ಮತ್ತು ಐದು ನಿಮಿಷದ ತಾಳ್ಮೆ.

ಬೆಳಗಾವಿ ಭಾಗದಲ್ಲಿ ಉಣ್ಣಿ ಎನ್ನುವುದನ್ನೇ ಇತರೆಡೆ ಉಣುಗು, ಉಣ್ಣೆ ಎಂದೂ ಕರೆಯುತ್ತಾರೆ. ಖಾನಾಪುರದ ಮರಾಠಿ ಮನೆಮಾತಿನ ಕುಟುಂಬಗಳಲ್ಲಿ ಅದು ಗೋಚೀಡ. ಹೆಸರು ಯಾವುದಾದರೂ ಪ್ರಾಣಿ ಒಂದೇ. ಆದರೆ ಚಿಗಟ ಮತ್ತು ಹೇನುಗಳೊಂದಿಗೆ ಇದನ್ನು ಬೆರೆಸಬಾರದು. ಚಿಗಟಕ್ಕೆ ಆರು ಕಾಲು. ಅದು ಕೂದಲ ನಡುವೆ ಓಡುತ್ತದೆ, ಜಿಗಿಯುತ್ತದೆ, ಹಣಿಗೆಗೆ ಸಿಗುತ್ತದೆ. ಉಣ್ಣಿಯು ಜೇಡ, ಚೇಳುಗಳ ಬಳಗಕ್ಕೆ ಸೇರಿದ್ದು. ಬೆಳೆದ ಉಣ್ಣಿಗೆ ಎಂಟು ಕಾಲು. ಅದು ಜಿಗಿಯುವುದಿಲ್ಲ, ಹಾರುವುದಿಲ್ಲ. ಹುಲ್ಲಿನ ತುದಿಯಲ್ಲೋ ಗೋಡೆಯ ಸಂದಿಯಲ್ಲೋ ಕಾದಿದ್ದು, ಪ್ರಾಣಿಯ ಮೈ ತಗುಲಿದೊಡನೆ ಹತ್ತಿಕೊಳ್ಳುತ್ತದೆ. ಒಮ್ಮೆ ಕಚ್ಚಿತೆಂದರೆ ಹೊಟ್ಟೆ ತುಂಬುವವರೆಗೆ ಅಲ್ಲಿಯೇ ದಿನಗಟ್ಟಲೆ ಅಂಟಿಕೊಂಡಿರುತ್ತದೆ. ಮೊದಲ ದಿನ ಎಳ್ಳಿನ ಕಾಳಿನಷ್ಟಿದ್ದ ಹೆಣ್ಣು ಉಣ್ಣಿ ವಾರ ಕಳೆಯುವಷ್ಟರಲ್ಲಿ ಔಡಲ ಬೀಜದಷ್ಟು ಊದಿ ಬೂದು ಬಣ್ಣಕ್ಕೆ ತಿರುಗುತ್ತದೆ. ಜನರ ಕಣ್ಣಿಗೆ ಬೀಳುವುದು ಸಾಮಾನ್ಯವಾಗಿ ಈ ಹಂತದಲ್ಲಿಯೇ. ಅಷ್ಟರಲ್ಲಿ ಅದು ಮಾಡಬೇಕಾದ ಹಾನಿಯನ್ನು ಮಾಡಿ ಮುಗಿಸಿರಲೂಬಹುದು.

ಕಚ್ಚುವ ಬಾಯಿಯ ರಚನೆ

ಬೆರಳಿನಿಂದ ಏಕೆ ಕೀಳಬಾರದು ಎಂಬುದು ಉಣ್ಣಿಯ ಬಾಯಿಯ ರಚನೆಯನ್ನು ತಿಳಿದರೆ ತಾನಾಗಿ ಅರ್ಥವಾಗುತ್ತದೆ. ಉಣ್ಣಿಯ ಬಾಯಿಯ ನಡುವೆ ಗರಗಸದಂತಹ ಒಂದು ಕೊಳವೆಯಿದೆ. ಅದರ ಮೇಲೆ ಹಿಂದಕ್ಕೆ ಬಾಗಿದ ಸಣ್ಣ ಮುಳ್ಳುಗಳ ಸಾಲುಗಳಿವೆ. ಚರ್ಮವನ್ನು ಕೊಯ್ದು ಈ ಕೊಳವೆಯನ್ನು ಒಳಗೆ ತೂರಿಸಿದಾಗ ಮುಳ್ಳುಗಳು ಮೀನಿನ ಗಾಳದಂತೆ ಸಿಕ್ಕಿಕೊಳ್ಳುತ್ತವೆ. ನಾಯಿಗಳಲ್ಲಿ ಕಾಣುವ ಹಲವು ಉಣ್ಣಿಗಳು ಅಷ್ಟಕ್ಕೇ ಬಿಡದೆ, ಜೊಲ್ಲಿನಿಂದ ಒಂದು ಬಗೆಯ ಅಂಟನ್ನು ಸುರಿಸಿ ಬಾಯಿಯ ಸುತ್ತ ಗಟ್ಟಿಗೊಳಿಸಿಕೊಳ್ಳುತ್ತವೆ. ಗೋಡೆಗೆ ರಂಧ್ರ ಕೊರೆದು, ಬೋಲ್ಟ್ ಕೂರಿಸಿ, ಸುತ್ತಲೂ ಸಿಮೆಂಟ್ ತುಂಬಿದರೆ ಅದು ಹೇಗೆ ನಿಲ್ಲುವುದೋ ಇದೂ ಹಾಗೆಯೇ ನಿಲ್ಲುತ್ತದೆ.

ಇಂತಹದ್ದನ್ನು ಹೊಟ್ಟೆಯ ಭಾಗದಲ್ಲಿ ಹಿಡಿದು ಎಳೆದರೆ ಆಗುವುದು ಎರಡು. ಮೊದಲನೆಯದಾಗಿ, ಮೆದುವಾದ ಹೊಟ್ಟೆ ಹಿಂಡಿದಂತಾಗಿ ಅದರೊಳಗಿನ ರಸ ನಾಯಿಯ ಮೈಗೆ ಮರಳಿ ಸೇರುವ ಸಾಧ್ಯತೆ ಇರುತ್ತದೆ. ಹೊಟ್ಟೆ ಒಡೆದರೆ ಆ ರಸ ಕೀಳುವವರ ಬೆರಳಿಗೆ ತಗಲುತ್ತದೆ. ಎರಡನೆಯದಾಗಿ, ಬಾಯಿಯ ಭಾಗ ಒಳಗೆ ಮುರಿದು ಉಳಿಯುತ್ತದೆ. ತಿರುಚಿ ಎಳೆದರೂ ಮುರಿಯುವ ಭಯವೇ ಹೆಚ್ಚು. ಚರ್ಮಕ್ಕೆ ಆದಷ್ಟು ಹತ್ತಿರದಲ್ಲಿ ಹಿಡಿದು, ನೇರವಾಗಿ ಮೇಲಕ್ಕೆ, ಒಂದೇ ಸಮನಾದ ಬಲದಿಂದ ಎಳೆದಾಗ ಮಾತ್ರ ಹಿಡಿತ ನಿಧಾನವಾಗಿ ಸಡಿಲವಾಗಿ ಬಾಯಿಸಹಿತ ಹೊರಬರುತ್ತದೆ. ಮುಂದೆ ಹೇಳುವ ಕ್ರಮವೆಲ್ಲ ಈ ಒಂದು ಅಂಶದ ವಿಸ್ತರಣೆಯೇ ಆಗಿದೆ.

ನಾಯಿಗೆ ಮತ್ತು ಮನುಷ್ಯರಿಗೆ ಇರುವ ಅಪಾಯ

ನಾಯಿಗಳಲ್ಲಿ ಹೆಚ್ಚಾಗಿ ಕಾಣುವುದು ಕಂದು ನಾಯಿ ಉಣ್ಣಿ. ಇದು ಎರ್ಲಿಕಿಯಾ ಮತ್ತು ಬಬೇಸಿಯಾ ಎಂಬ ರೋಗಾಣುಗಳನ್ನು ಒಂದು ನಾಯಿಯಿಂದ ಇನ್ನೊಂದಕ್ಕೆ ಸಾಗಿಸುತ್ತದೆ. ಎರ್ಲಿಕಿಯಾ ಸೋಂಕು ತಗುಲಿದ ನಾಯಿ ಒಂದರಿಂದ ಮೂರು ವಾರಗಳಲ್ಲಿ ಜ್ವರದಿಂದ ಮಂಕಾಗುತ್ತದೆ, ಊಟ ಬಿಡುತ್ತದೆ. ಕೆಲವೊಮ್ಮೆ ಮೂಗಿನಿಂದ ರಕ್ತ ಸೋರುತ್ತದೆ. ಬಬೇಸಿಯಾ ಕೆಂಪು ರಕ್ತಕಣಗಳನ್ನೇ ಒಡೆಯುವುದರಿಂದ ವಸಡು ಬಿಳಿಚುತ್ತದೆ, ಮೂತ್ರ ಕಾಫಿಯ ಬಣ್ಣಕ್ಕೆ ತಿರುಗುತ್ತದೆ. ಎರಡೂ ಸಕಾಲದಲ್ಲಿ ಗುರುತಿಸಿದರೆ ಚಿಕಿತ್ಸೆಗೆ ಒಗ್ಗುವ ರೋಗಗಳು. ತಡವಾದರೆ ಪ್ರಾಣ ತೆಗೆಯುವಂಥವು. ಬಬೇಸಿಯಾ ಸಾಗಿಸಲು ಉಣ್ಣಿಗೆ ಸಾಮಾನ್ಯವಾಗಿ ಎರಡು ಮೂರು ದಿನ ಕಚ್ಚಿಕೊಂಡಿರಬೇಕಾಗುತ್ತದೆ. ಎರ್ಲಿಕಿಯಾ ಕೆಲವೇ ಗಂಟೆಗಳಲ್ಲಿ ದಾಟಬಲ್ಲದು. ಆದ್ದರಿಂದ ಭಾನುವಾರ ನಾಯಿಗೆ ಸ್ನಾನ ಮಾಡಿಸುವಾಗ ನೋಡಿದರಾಯಿತು ಎಂಬ ಲೆಕ್ಕ ಸರಿಹೊಂದದು, ದಿನಕ್ಕೊಮ್ಮೆ ನೋಡಬೇಕು.

ಮನುಷ್ಯರ ವಿಷಯಕ್ಕೆ ಬಂದರೆ, ಖಾನಾಪುರದಂತಹ ತಾಲೂಕಿನಲ್ಲಿ ಮಂಗನ ಕಾಯಿಲೆಯ ಪ್ರಸ್ತಾಪ ಬಾರದೆ ಇರದು. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಗುರುತಿಸಲ್ಪಟ್ಟ ಈ ರೋಗ ಹಲವು ದಶಕ ಮಲೆನಾಡಿನ ಜಿಲ್ಲೆಗಳಿಗೆ ಸೀಮಿತವಾಗಿತ್ತು. 2015ರಲ್ಲಿ ಗೋವಾದ ಸತ್ತರಿ ತಾಲೂಕಿನಲ್ಲಿಯೂ 2016ರಲ್ಲಿ ಮಹಾರಾಷ್ಟ್ರದ ಸಿಂಧುದುರ್ಗ ಜಿಲ್ಲೆಯ ದೋಡಾಮಾರ್ಗದಲ್ಲಿಯೂ ಅದು ತಲೆ ಎತ್ತಿತು. ಗೋವಾದ ಗೇರು ತೋಟಗಳ ಕೂಲಿ ಕೆಲಸಗಾರರಲ್ಲಿ ಈ ರೋಗ ಕಂಡುಬಂದು, 2016ರಲ್ಲಿ ಬೆಳಗಾವಿ ಜಿಲ್ಲೆಯ ಹೆಸರೂ ಮಂಗನ ಕಾಯಿಲೆಯ ಪಟ್ಟಿಗೆ ಸೇರಿತು. ಜಾಂಬೋಟಿ, ಕಣಕುಂಬಿ, ಚೋರ್ಲಾ ಘಾಟಿನ ದಾರಿ ಹಿಡಿದರೆ ಸತ್ತರಿ ದೂರವೇನೂ ಅಲ್ಲ.

ಇಲ್ಲಿ ಒಂದು ತಪ್ಪು ತಿಳಿವಳಿಕೆಯನ್ನು ನಿವಾರಿಸುವುದು ಅಗತ್ಯ. ಮಂಗನ ಕಾಯಿಲೆಯನ್ನು ಮುಖ್ಯವಾಗಿ ಹರಡುವುದು ಹೀಮಾಫೈಸಾಲಿಸ್ ಎಂಬ ಕುಲದ ಕಾಡಿನ ಉಣ್ಣಿ. ಮನೆಯ ನಾಯಿಯ ಕಂದು ಉಣ್ಣಿಯಲ್ಲ. ಆದ್ದರಿಂದ ನಾಯಿಯ ಮೈಯಲ್ಲಿ ಉಣ್ಣಿ ಕಂಡೊಡನೆ ಹೆದರಿ ನಾಯಿಯನ್ನು ಊರಾಚೆ ಬಿಟ್ಟು ಬರುವುದು ಅವಿವೇಕ ಮತ್ತು ಕ್ರೌರ್ಯ. ಆದರೆ ಭೀಮಗಡದ ಅಂಚಿನ ಊರುಗಳಲ್ಲಿ, ಸೊಪ್ಪು ಸೌದೆಗೆ ಹೋದವರ ಹಿಂದೆಯೋ ದನಗಳ ಹಿಂದೆಯೋ ಕಾಡು ಸುತ್ತಿ ಬಂದ ನಾಯಿಯ ಮೈಮೇಲೆ ಕಾಡಿನ ಉಣ್ಣಿಯೂ ಇರಬಹುದು. ಎರಡನ್ನೂ ಬರಿಗಣ್ಣಿನಲ್ಲಿ ಬೇರ್ಪಡಿಸುವುದು ಸಾಮಾನ್ಯರಿಗೆ ಸಾಧ್ಯವಿಲ್ಲ. ಇದಲ್ಲದೆ, ಕಂದು ನಾಯಿ ಉಣ್ಣಿಯೇ ಮನುಷ್ಯರಿಗೆ ಉಣ್ಣಿ ಟೈಫಸ್ ಎಂಬ ಜ್ವರವನ್ನು ತರಬಲ್ಲದು. ಹೀಗಾಗಿ ಉಣ್ಣಿ ಯಾವುದೇ ಇರಲಿ, ಅದರ ಒಡಲ ರಸ ಬೆರಳಿನ ಗಾಯಕ್ಕೆ, ಕಣ್ಣಿಗೆ, ಬಾಯಿಗೆ ತಾಗದಂತೆ ನೋಡಿಕೊಳ್ಳಬೇಕು. ಹೊಲದ ಕೆಲಸ ಮಾಡುವ ಕೈಯಲ್ಲಿ ಗೀರು ಗಾಯವಿಲ್ಲದ ದಿನ ಯಾವುದು?

ತೆಗೆಯುವ ಕ್ರಮ

ಕೆಲಸಕ್ಕೆ ಇಬ್ಬರು ಬೇಕು. ನಾಯಿಗೆ ಚೆನ್ನಾಗಿ ರೂಢಿಯಿರುವವರು ಅದರ ತಲೆಯ ಕಡೆ ಕುಳಿತು ಕೊರಳನ್ನು ತೋಳಿನಲ್ಲಿ ಬಳಸಿ ಹಿಡಿದಿರಬೇಕು. ಇನ್ನೊಬ್ಬರು ಉಣ್ಣಿ ತೆಗೆಯಬೇಕು. ಹಗಲಿನ ಬೆಳಕು ಉತ್ತಮ. ಮುನಿಯುವ ನಾಯಿಯಾದರೆ ಮೂತಿಗೆ ಮೆತ್ತನೆಯ ಬಟ್ಟೆಯ ಪಟ್ಟಿಯನ್ನು ಸುತ್ತಿ ಕಿವಿಯ ಹಿಂದೆ ಗಂಟು ಹಾಕಬಹುದು. ಆದರೆ ನಾಯಿ ಬಾಯಿ ತೆರೆದು ಏದುಸಿರು ಬಿಡುವುದರಿಂದಲೇ ಮೈಯ ಕಾವನ್ನು ಇಳಿಸಿಕೊಳ್ಳುವುದರಿಂದ, ಬಿಸಿಲಲ್ಲಿ ಈ ಕಟ್ಟನ್ನು ಹಾಕಬಾರದು. ನೆರಳಿನಲ್ಲಿಯೂ ಕೆಲವು ನಿಮಿಷಕ್ಕಿಂತ ಹೆಚ್ಚು ಇಡಬಾರದು. ಬೀದಿ ನಾಯಿಗಳ ಮೈಗೆ ಕೈ ಹಾಕುವ ಸಾಹಸವನ್ನು ಮನೆಯವರು, ಅದರಲ್ಲೂ ಮಕ್ಕಳು, ಮಾಡಬಾರದು. ಕೆಲಸದ ನಡುವೆ ನಾಯಿ ಕಚ್ಚಿದರೆ, ಅದು ಸಾಕಿದ ನಾಯಿಯೇ ಆಗಿದ್ದರೂ, ಗಾಯವನ್ನು ಹರಿಯುವ ನೀರು ಮತ್ತು ಸಾಬೂನಿನಿಂದ 15 ನಿಮಿಷ ತೊಳೆದು ಅದೇ ದಿನ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗತಕ್ಕದ್ದು.

ಮೊದಲು ಹುಡುಕಬೇಕು. ಉಣ್ಣಿಗೆ ತೆಳು ಚರ್ಮದ, ಮರೆಯಾದ ಜಾಗ ಇಷ್ಟ. ಕಿವಿಯ ಒಳ ಮಡಿಕೆ, ಕಣ್ಣಿನ ಸುತ್ತ, ಕೊರಳಪಟ್ಟಿಯ ಕೆಳಗೆ, ಮುಂಗಾಲಿನ ಕಂಕುಳು, ತೊಡೆಯ ಸಂದಿ, ಬಾಲದ ಬುಡ ಇವೆಲ್ಲವನ್ನೂ ನೋಡಬೇಕು. ಹೆಚ್ಚಿನವರು ಮರೆಯುವ ಜಾಗವೆಂದರೆ ಕಾಲ್ಬೆರಳುಗಳ ನಡುವಿನ ಸಂದಿ. ಪ್ರತಿ ಪಾದದ ಬೆರಳುಗಳನ್ನೂ ಬಿಡಿಸಿ ನೋಡಬೇಕು. ಮುಧೋಳ ತಳಿಯಂತಹ ಗಿಡ್ಡ ಕೂದಲಿನ ನಾಯಿಗಳಲ್ಲಿ ಈ ಕೆಲಸ ಸುಲಭ. ನಗರದ ಮನೆಗಳಲ್ಲಿ ಸಾಕುವ ಪೊಮೆರೇನಿಯನ್, ಗೋಲ್ಡನ್ ರಿಟ್ರೀವರ್ ಮುಂತಾದವುಗಳ ಕೂದಲನ್ನು ಬೆರಳಿನಿಂದ ಎದುರು ದಿಕ್ಕಿಗೆ ಸರಿಸುತ್ತ, ಗೇಣು ಗೇಣು ಜಾಗವನ್ನು ತಡವಿ ನೋಡಬೇಕಾಗುತ್ತದೆ. ಕಾಳಿನಂತೆ ಕೈಗೆ ತಗುಲಿದ್ದೆಲ್ಲ ಉಣ್ಣಿಯಲ್ಲ. ನರಹುಲಿಯೋ ಮೊಲೆತೊಟ್ಟೋ ಆಗಿರಬಹುದು. ಕಾಲುಗಳು ಕಂಡರೆ ಮಾತ್ರ ಕೀಳಬೇಕು. ಹಾಸ್ಯವೆನಿಸಿದರೂ ಇದು ಪಶುವೈದ್ಯರು ಮತ್ತೆ ಮತ್ತೆ ಹೇಳುವ ಎಚ್ಚರಿಕೆ.

ಕೀಳುವವರು ಕೈಗವಸು ಧರಿಸಬೇಕು. ಇಲ್ಲವಾದರೆ ತೂತಿಲ್ಲದ ಪ್ಲಾಸ್ಟಿಕ್ ಚೀಲವನ್ನು ಕೈಗೆ ಹಾಕಿಕೊಂಡರೂ ಆದೀತು. ಮುಳ್ಳು ತೆಗೆಯಲು ಬಳಸುವ, ತುದಿ ಚೂಪಾದ ಚಿಮುಟ ಈ ಕೆಲಸಕ್ಕೆ ತಕ್ಕುದು. ಅಗಲ ತುದಿಯ ಚಿಮುಟ ಉಣ್ಣಿಯ ಹೊಟ್ಟೆಯನ್ನೇ ಹಿಸುಕುವುದರಿಂದ ಅದು ಬೇಡ. ಸುತ್ತಲಿನ ಕೂದಲನ್ನು ಬಿಡಿಸಿ, ಚಿಮುಟದ ತುದಿಯನ್ನು ಚರ್ಮಕ್ಕೆ ತಾಗುವಂತೆ ಇಳಿಸಿ, ಉಣ್ಣಿಯ ತಲೆಯ ಭಾಗವನ್ನು ಹಿಡಿಯಬೇಕು. ನಂತರ ಮೇಲಕ್ಕೆ ನೇರವಾಗಿ ಎಳೆಯಬೇಕು. ಜಗ್ಗಬಾರದು, ತಿರುಚಬಾರದು, ಅತ್ತಿತ್ತ ಅಲುಗಿಸಬಾರದು. ಚರ್ಮ ಸ್ವಲ್ಪ ಮೇಲೆದ್ದಂತೆ ಕಾಣುತ್ತದೆ; ಆಗ ಕೈ ಸಡಿಲಿಸದೆ, ಬಲ ಹೆಚ್ಚಿಸದೆ ಹಾಗೆಯೇ ಕೆಲವು ಕ್ಷಣ ಹಿಡಿದಿದ್ದರೆ ಉಣ್ಣಿ ತಾನಾಗಿ ಬಿಟ್ಟುಕೊಂಡು ಬರುತ್ತದೆ. ಉಣ್ಣಿ ತೆಗೆಯಲೆಂದೇ ಮಾಡಿದ ಸೀಳು ಕೊಕ್ಕೆಯ ಉಪಕರಣವಿದ್ದರೆ ಅದರೊಂದಿಗೆ ಬಂದ ಸೂಚನೆಯಂತೆ ಬಳಸಬೇಕು. ಅಂಥವುಗಳಲ್ಲಿ ಕೆಲವನ್ನು ತಿರುಗಿಸಿಯೇ ತೆಗೆಯಬೇಕಾಗುತ್ತದೆ, ಚಿಮುಟದ ನಿಯಮ ಅವಕ್ಕೆ ಅನ್ವಯಿಸದು.

ಬಾಯಿಯ ಚೂರು ಒಳಗೆ ಉಳಿದರೆ ಗಾಬರಿಯಾಗಬೇಕಿಲ್ಲ. ಮೇಲೆಯೇ ಕಾಣುತ್ತಿದ್ದರೆ ಚಿಮುಟದಿಂದ ಎತ್ತಬಹುದು. ಆಳದಲ್ಲಿದ್ದರೆ ಸೂಜಿಯಿಂದ ಕೆದಕದೆ ಬಿಡಬೇಕು. ಚರ್ಮ ಮಾಯುವಾಗ ತಾನೇ ಅದನ್ನು ಹೊರಹಾಕುತ್ತದೆ. ಕೆದಕಿದ ಗಾಯ ಕೀವಾಗುವ ಸಂಭವವೇ ಹೆಚ್ಚು. ಕಚ್ಚಿದ ಜಾಗದಲ್ಲಿ ಕೆಲವು ದಿನ ಸಣ್ಣ ಗಂಟು ಉಳಿಯುವುದು ಸಹಜ. ಅದು ದೊಡ್ಡದಾಗುತ್ತ ಹೋದರೆ, ಬಿಸಿಯಾಗಿದ್ದರೆ ಅಥವಾ ಕೀವು ಸೋರಿದರೆ ಪಶುವೈದ್ಯರಿಗೆ ತೋರಿಸಬೇಕು.

ತೆಗೆದ ಉಣ್ಣಿಯನ್ನು ಹೊಸಕದೆ, ಮುಚ್ಚಳವಿರುವ ಸಣ್ಣ ಬಾಟಲಿಯಲ್ಲಿ ಸ್ಪಿರಿಟ್ ಹಾಕಿ ಅದರೊಳಗೆ ಬೀಳಿಸಬೇಕು. ಸುಮ್ಮನೆ ಅಂಗಳಕ್ಕೆ ಎಸೆದ ಹೆಣ್ಣು ಉಣ್ಣಿ ಸಾಯುವುದಿಲ್ಲ. ಸಂದಿಯೊಂದನ್ನು ಹುಡುಕಿಕೊಂಡು ಸಾವಿರಾರು ಮೊಟ್ಟೆ ಇಡುತ್ತದೆ. ಕೆಲಸ ಮುಗಿದ ಮೇಲೆ ಕಚ್ಚಿದ ಜಾಗವನ್ನು ಸಾಬೂನು ನೀರಿನಿಂದ ಒರೆಸಿ ಪೊವಿಡೋನ್ ಅಯೋಡಿನ್ ಹಚ್ಚಬೇಕು. ಚಿಮುಟವನ್ನು ಸ್ಪಿರಿಟ್ಟಿನಲ್ಲಿ ಅದ್ದಿ ಒರೆಸಬೇಕು. ಕೈಗವಸು ಧರಿಸಿದ್ದರೂ ಕೈಯನ್ನು ಸಾಬೂನಿನಿಂದ ತೊಳೆಯಬೇಕು. ಗೋಡೆಯ ಕ್ಯಾಲೆಂಡರಿನಲ್ಲಿ ಆ ದಿನಾಂಕಕ್ಕೆ ಒಂದು ಗುರುತು ಹಾಕಿಟ್ಟರೆ, ಮುಂದೆ ನಾಯಿಗೆ ಜ್ವರ ಬಂದಾಗ ವೈದ್ಯರು ಕೇಳುವ ಮೊದಲ ಪ್ರಶ್ನೆಗೆ ಉತ್ತರ ಸಿದ್ಧವಿರುತ್ತದೆ.

ಸೀಮೆಎಣ್ಣೆ, ಬೆಂಕಿ, ದನದ ಔಷಧಿ

ಉಣ್ಣಿಯ ಮೇಲೆ ಸೀಮೆಎಣ್ಣೆ ಹನಿಸುವುದು, ಬೀಡಿಯ ಕೆಂಡ ಅಥವಾ ಊದಿನಕಡ್ಡಿ ತಾಗಿಸುವುದು, ಎಣ್ಣೆ ಬಳಿದು ಉಸಿರುಗಟ್ಟಿಸುವುದು ಹಿಂದಿನಿಂದ ನಡೆದುಬಂದ ರೂಢಿಗಳು. ಇವುಗಳಿಂದ ಉಣ್ಣಿ ಬೇಗ ಬಿಡುವುದಿಲ್ಲ. ಅದು ಬಹಳ ನಿಧಾನವಾಗಿ ಉಸಿರಾಡುವ ಜೀವಿ. ಎಣ್ಣೆಯ ಕೆಳಗೆ ಗಂಟೆಗಟ್ಟಲೆ ಬದುಕಿರುತ್ತದೆ. ಆ ಹೊತ್ತಿನಲ್ಲಿ ಕೆರಳಿದ ಉಣ್ಣಿ ಇನ್ನಷ್ಟು ಜೊಲ್ಲನ್ನು ಗಾಯದೊಳಕ್ಕೆ ಬಿಡಬಹುದು. ಬೆಂಕಿಯಿಂದ ನಾಯಿಯ ಚರ್ಮ ಸುಡುವುದಂತೂ ಖಚಿತ; ಸೀಮೆಎಣ್ಣೆಯನ್ನು ನಾಯಿ ನೆಕ್ಕುತ್ತದೆ.

ಇವೆಲ್ಲಕ್ಕಿಂತ ಹೆಚ್ಚು ಗಮನ ಹರಿಸಬೇಕಾದ ತಪ್ಪು ಇನ್ನೊಂದಿದೆ. ದನ ಎಮ್ಮೆಗಳ ಉಣ್ಣಿಗೆಂದು ತಂದಿಟ್ಟ ಡೆಲ್ಟಾಮೆಥ್ರಿನ್, ಸೈಪರ್‌ಮೆಥ್ರಿನ್ ಅಥವಾ ಅಮಿಟ್ರಾಜ್ ದ್ರಾವಣದ ಬಾಟಲಿ ಬಹುತೇಕ ಹೈನುಗಾರರ ಮನೆಯಲ್ಲಿರುತ್ತದೆ. ಎಮ್ಮೆಗೆ ಹಚ್ಚಿ ಉಳಿದದ್ದನ್ನು ಕೊಟ್ಟಿಗೆಯ ಬಾಗಿಲಲ್ಲಿ ಮಲಗಿದ ನಾಯಿಗೂ ಬಳಿದುಬಿಡುವುದು ಸುಲಭವೆನಿಸುತ್ತದೆ. ಔಷಧಿಯ ಪ್ರಮಾಣವನ್ನು ಪ್ರಾಣಿಯ ಜಾತಿ, ತೂಕ, ವಯಸ್ಸು ನೋಡಿ ನಿರ್ಧರಿಸಲಾಗುತ್ತದೆ. ನಾಲ್ಕು ನೂರು ಕಿಲೋ ತೂಗುವ ಎಮ್ಮೆ ತಡೆದುಕೊಂಡದ್ದನ್ನು ಹದಿನೈದು ಕಿಲೋ ತೂಗುವ ನಾಯಿ ತಡೆದುಕೊಳ್ಳದು. ಮೇಲಾಗಿ ನಾಯಿ ಮೈ ನೆಕ್ಕಿಕೊಳ್ಳುವ ಪ್ರಾಣಿ. ಹಚ್ಚಿದ್ದು ಹೊಟ್ಟೆಗೂ ಹೋಗುತ್ತದೆ. ಮರಿಗಳಿಗೆ, ಬಸುರಿ ನಾಯಿಗಳಿಗೆ ಅಪಾಯ ಇನ್ನೂ ಹೆಚ್ಚು. ಅದೇ ಮನೆಯಲ್ಲಿ ಬೆಕ್ಕಿದ್ದರೆ ನಾಯಿಗೆ ಹಚ್ಚುವ ಕೆಲವು ಔಷಧಿಗಳೇ, ಮುಖ್ಯವಾಗಿ ಪರ್ಮೆಥ್ರಿನ್ ಇರುವಂಥವು, ಬೆಕ್ಕಿಗೆ ಮಾರಕವಾಗುತ್ತವೆ. ಬೆಳೆಗೆ ಸಿಂಪಡಿಸುವ ಕೀಟನಾಶಕಗಳ ಮಾತಂತೂ ಎತ್ತುವಂತೆಯೇ ಇಲ್ಲ.

ಈಗಾಗಲೇ ಹಚ್ಚಿ, ನಾಯಿ ಜೊಲ್ಲು ಸುರಿಸುವುದು, ನಡುಗುವುದು, ತೂರಾಡುವುದು ಕಂಡರೆ ತಡಮಾಡದೆ ಸಾಬೂನು ಮತ್ತು ಧಾರಾಳ ನೀರಿನಿಂದ ಮೈ ತೊಳೆದು, ಒರೆಸಿ, ಹತ್ತಿರದ ಪಶು ಆಸ್ಪತ್ರೆಗೆ ಒಯ್ಯಬೇಕು. ಔಷಧಿಯ ಬಾಟಲಿಯನ್ನು ಜೊತೆಗೆ ತೆಗೆದುಕೊಂಡು ಹೋಗುವುದು ಬಹಳ ಮುಖ್ಯ. ಯಾವ ವಿಷ ಎಂದು ತಿಳಿಯದೆ ವೈದ್ಯರ ಕೈ ಕಟ್ಟಿದಂತಾಗುತ್ತದೆ. ಹತ್ತಿರದಲ್ಲಿ ಆಸ್ಪತ್ರೆ ಇಲ್ಲದ ಊರುಗಳಿಂದ ಪಶು ಸಂಜೀವಿನಿ ಸಹಾಯವಾಣಿ 1962ಕ್ಕೆ ಉಚಿತವಾಗಿ ಕರೆ ಮಾಡಬಹುದು.

ನಾಯಿಗೆ ಸುರಕ್ಷಿತವಾದ ಹನಿ ಔಷಧಿಗಳೂ ಮಾತ್ರೆಗಳೂ ಕೊರಳಪಟ್ಟಿಗಳೂ ಇವೆ. ಅವುಗಳನ್ನು ಪಶುವೈದ್ಯರು ತೂಕ ನೋಡಿ ಬರೆದುಕೊಟ್ಟಂತೆ ಬಳಸಬೇಕು. ಉಣ್ಣಿ ಜ್ವರಕ್ಕೆ ಡಾಕ್ಸಿಸೈಕ್ಲಿನ್ ಕೊಡುತ್ತಾರೆಂದು ಕೇಳಿ ಅಂಗಡಿಯಿಂದ ನಾಲ್ಕು ಮಾತ್ರೆ ತಂದು ತಿನ್ನಿಸುವವರಿದ್ದಾರೆ. ಎರ್ಲಿಕಿಯಾ ಸೋಂಕಿಗೆ ಆ ಚಿಕಿತ್ಸೆ ಸಾಮಾನ್ಯವಾಗಿ ನಾಲ್ಕು ವಾರ ನಡೆಯುತ್ತದೆ. ನಾಲ್ಕು ದಿನದಲ್ಲಿ ನಾಯಿ ಚೇತರಿಸಿದಂತೆ ಕಂಡರೂ ಸೋಂಕು ಒಳಗೆ ಉಳಿದು ತಿಂಗಳುಗಳ ಮೇಲೆ ಮರಳುತ್ತದೆ. ರಕ್ತ ಪರೀಕ್ಷೆ ಮಾಡಿಸಿಯೇ ಔಷಧಿ ಆರಂಭಿಸುವುದು ಲೇಸು.

ಗೋಡೆಯೊಳಗಿನ ಉಣ್ಣಿ

ಬೆಳಗಾವಿ ನಗರದ ಟಿಳಕವಾಡಿಯಲ್ಲಿ, ಶಹಾಪುರದಲ್ಲಿ ಕಾಡಿನ ಮುಖವನ್ನೇ ಕಾಣದ ನಾಯಿಗಳಿಗೂ ಉಣ್ಣಿ ಏಕೆ ಬರುತ್ತದೆ ಎಂಬ ಪ್ರಶ್ನೆ ಸಹಜ. ಕಂದು ನಾಯಿ ಉಣ್ಣಿಗೆ ಕಾಡು ಬೇಕಿಲ್ಲ. ಅದು ಮನೆಯಲ್ಲಿಯೇ ಸಂಸಾರ ಹೂಡುತ್ತದೆ. ಮೊಟ್ಟೆಯಿಂದ ಹೊರಬಂದ ಆರು ಕಾಲಿನ ಮರಿ ನಾಯಿಯನ್ನು ಹತ್ತಿ ರಕ್ತ ಕುಡಿದು ಕೆಳಗಿಳಿಯುತ್ತದೆ, ಪೊರೆ ಬಿಡುತ್ತದೆ, ಎಂಟು ಕಾಲಿನ ಎಳೆಯ ಉಣ್ಣಿಯಾಗಿ ಮತ್ತೆ ಹತ್ತುತ್ತದೆ, ಮತ್ತೆ ಇಳಿಯುತ್ತದೆ, ಬೆಳೆದು ಮೂರನೆಯ ಬಾರಿ ಹತ್ತುತ್ತದೆ. ಹೀಗೆ ತನ್ನ ಆಯುಷ್ಯದ ಬಹುಭಾಗವನ್ನು ಅದು ಕಳೆಯುವುದು ನಾಯಿಯ ಮೈಮೇಲಲ್ಲ, ಗೋಡೆಯ ಬಿರುಕು, ಬಾಗಿಲ ಚೌಕಟ್ಟಿನ ಸಂದಿ, ಸ್ವಿಚ್ ಬೋರ್ಡಿನ ಹಿಂಬದಿ, ನಾಯಿ ಮಲಗುವ ಗೋಣಿಚೀಲದ ಮಡಿಕೆಗಳಲ್ಲಿ. ಬೆಳೆದ ಉಣ್ಣಿ ಆಹಾರವಿಲ್ಲದೆ ವರ್ಷಕ್ಕೂ ಹೆಚ್ಚು ಕಾಲ ಬದುಕಬಲ್ಲದು. ಅದಕ್ಕೆ ಮೇಲಕ್ಕೆ ಹತ್ತುವ ಸ್ವಭಾವವೂ ಇದೆ. ನೆಲವನ್ನಷ್ಟೇ ಗುಡಿಸಿ, ಸೂರಿನ ಅಂಚನ್ನು ನೋಡದೆ ಬಿಟ್ಟರೆ ಕೆಲಸ ಅರ್ಧವಾದಂತೆ.

ಕಲ್ಲು ಮಣ್ಣಿನ ಹಳೆಯ ಗೋಡೆಗಳ ಖಾನಾಪುರದ ಮನೆಗಳಲ್ಲಿ ಇದಕ್ಕೆ ಪರಿಹಾರ ಔಷಧಿಗಿಂತ ಹೆಚ್ಚಾಗಿ ಗಾರೆ ಕೆಲಸ. ನಾಯಿ ಮಲಗುವ ಜಾಗದ ಸುತ್ತ ಮೂರು ನಾಲ್ಕು ಅಡಿ ಎತ್ತರದವರೆಗೂ, ಬಾಗಿಲ ಚೌಕಟ್ಟಿನ ಸುತ್ತಲೂ ಬಿರುಕುಗಳನ್ನು ಕೆರೆದು ಸಿಮೆಂಟ್ ಗಾರೆ ತುಂಬಿ ನಯಗೊಳಿಸಬೇಕು. ಉದ್ಯೋಗ ಖಾತರಿ ಯೋಜನೆಯಡಿ ಕೊಟ್ಟಿಗೆ ಕಟ್ಟಿಕೊಂಡವರು ಗೋಡೆಯ ಒಳಮೈಗೆ ಗಿಲಾವು ಮಾಡಿಸದೆ ಇಟ್ಟಿಗೆಯ ಸಂದುಗಳನ್ನು ಹಾಗೆಯೇ ಬಿಟ್ಟಿದ್ದರೆ, ಅದು ದನದ ಉಣ್ಣಿಗೂ ನಾಯಿಯ ಉಣ್ಣಿಗೂ ಸಿದ್ಧ ಮನೆಯಾಗುತ್ತದೆ. ಹಾಸುವ ಚೀಲವನ್ನು ವಾರಕ್ಕೊಮ್ಮೆ ಕುದಿಯುವ ನೀರಿನಲ್ಲಿ ಅದ್ದಿ ಬಿಸಿಲಿಗೆ ಹಾಕಬೇಕು. ಹಳೆಯದಾದರೆ ಸುಟ್ಟುಬಿಡುವುದೇ ಮೇಲು. ಅಂಗಳದ ಹುಲ್ಲನ್ನು ಗಿಡ್ಡಗೆ ಕೊಯ್ದಿರಬೇಕು.

ಕಾಡಂಚಿನ ಊರುಗಳಲ್ಲಿ ಡಿಸೆಂಬರಿನಿಂದ ಮೇ ತಿಂಗಳವರೆಗೆ ವಿಶೇಷ ಎಚ್ಚರ ಬೇಕು. ಮಂಗನ ಕಾಯಿಲೆಯನ್ನು ಮನುಷ್ಯರಿಗೆ ದಾಟಿಸುವ ಎಳೆಯ ಉಣ್ಣಿಗಳು ಹೆಚ್ಚಾಗಿ ಕಾಣುವುದು ಆ ತಿಂಗಳುಗಳಲ್ಲಿ. ಕಾಡಿನಿಂದ ಬಂದವರು ಮೊದಲು ತಮ್ಮ ಮೈಯನ್ನು, ಆಮೇಲೆ ನಾಯಿಯ ಮೈಯನ್ನು ನೋಡಬೇಕು. ನಾಯಿಯನ್ನು ಅದಕ್ಕೂ ಮೊದಲು ಒಳಮನೆಗೆ ಬಿಡಬಾರದು. ಕಾಡಿಗೋ ಗೇರು ತೋಟಕ್ಕೋ ಹೋಗಿ ಬಂದ ಕೆಲವೇ ದಿನಗಳಲ್ಲಿ ಇದ್ದಕ್ಕಿದ್ದಂತೆ ಜ್ವರ, ತಲೆನೋವು, ಸೊಂಟ ಮತ್ತು ಮಾಂಸಖಂಡಗಳ ತೀವ್ರ ನೋವು ಕಾಣಿಸಿಕೊಂಡರೆ ಆರೋಗ್ಯ ಕೇಂದ್ರದಲ್ಲಿ ಕಾಡಿಗೆ ಹೋದ ವಿಷಯವನ್ನೂ ಉಣ್ಣಿ ಕಚ್ಚಿದ್ದನ್ನೂ ತಾವಾಗಿಯೇ ಹೇಳಬೇಕು. ಸತ್ತ ಮಂಗ ಕಂಡರೆ ಮುಟ್ಟದೆ, ನಾಯಿಯನ್ನು ಹತ್ತಿರ ಸುಳಿಯಗೊಡದೆ, ಗ್ರಾಮ ಪಂಚಾಯತಿಗಾಗಲಿ ಅರಣ್ಯ ಇಲಾಖೆಯ ಸಿಬ್ಬಂದಿಗಾಗಲಿ ಕೂಡಲೇ ತಿಳಿಸತಕ್ಕದ್ದು.

ಪಶು ಸಖಿಯರು ಮನೆ ಭೇಟಿಯ ವೇಳೆ ಒಮ್ಮೆ ಚಿಮುಟದ ಹಿಡಿತವನ್ನು ಕೈಯಾರೆ ತೋರಿಸಿದರೆ ಈ ಬರಹದ ಅರ್ಧದಷ್ಟು ಓದುವ ಅಗತ್ಯವೇ ಬೀಳದು. ನಾಯಿಯ ಮೈ ಶುಚಿಯಾದ ಮೇಲೂ ಪರೀಕ್ಷೆಯನ್ನು ನಿಲ್ಲಿಸಬಾರದು. ಬಿರುಕಿನಲ್ಲಿ ಉಳಿದ ಮೊಟ್ಟೆಗಳು ಒಡೆಯಲು ಎರಡರಿಂದ ಐದು ವಾರ ಹಿಡಿಯುತ್ತದೆ; ಅವು ಬೆಳೆದು ಮತ್ತೆ ಮೊಟ್ಟೆ ಇಡುವ ಹಂತಕ್ಕೆ ಬರಲು ಎರಡು ತಿಂಗಳಿಗಿಂತ ಸ್ವಲ್ಪ ಹೆಚ್ಚು ಸಾಕು. ಕೊನೆಯ ಉಣ್ಣಿ ತೆಗೆದ ದಿನದಿಂದ ಕನಿಷ್ಠ ಮೂರು ತಿಂಗಳು ಪ್ರತಿ ಸಂಜೆ ಕಿವಿ, ಕಂಕುಳು, ಕಾಲ್ಬೆರಳ ಸಂದಿಗಳನ್ನು ನೋಡುತ್ತಿರಬೇಕು.